ಉಳುವವನ ಹಕ್ಕು ಮತ್ತು ಕೆರೊಲಿನಾದ ನೆಲ

ಬಿ.ಎ.ಯಲ್ಲಿ ರಾಜ್ಯಶಾಸ್ತ್ರ ಓದಿದವರಿಗೆ ಹಾಬ್ಸ್, ಲಾಕ್, ರೂಸೋ ಈ ಮೂರು ಹೆಸರು ಒಂದೇ ಉಸಿರಿಗೆ ಬರುತ್ತವೆ. ಮೂವರಲ್ಲಿ ನನಗೆ ಮೊದಲಿನಿಂದಲೂ ಹತ್ತಿರದವನು ಜಾನ್ ಲಾಕ್. ಅದಕ್ಕೆ ಕಾರಣ ಪಠ್ಯಪುಸ್ತಕಕ್ಕಿಂತ ಹೆಚ್ಚಾಗಿ ನಮ್ಮ ಮನೆ. ನಮ್ಮದು ಸಾಗರ ಸೀಮೆಯ ಗೇಣಿದಾರರ ಮನೆ. ಕಾಗೋಡು ಸತ್ಯಾಗ್ರಹದ ಕಥೆ ಕೇಳುತ್ತಲೇ ಬೆಳೆದವರು ನಾವು. 1974ರಲ್ಲಿ ಭೂಸುಧಾರಣೆ ಬಂದ ಮೇಲೆ ಅಪ್ಪಯ್ಯ ಡಿಕ್ಲರೇಶನ್ ಹಾಕಿ, ಭೂನ್ಯಾಯ ಮಂಡಳಿಯ ಮುಂದೆ ನಿಂತು, ಅಜ್ಜನ ಕಾಲದಿಂದ ಉತ್ತು ಗೇಣಿ ಅಳೆಯುತ್ತ ಬಂದಿದ್ದ ಗದ್ದೆಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡ. ‘ಉಳುವವನೇ ಹೊಲದೊಡೆಯ’ ಅನ್ನುವುದು ಬೇರೆಯವರಿಗೆ ಘೋಷಣೆ ಇರಬಹುದು, ನಮಗೆ ಅದು ಉಣ್ಣುವ ಅನ್ನ. ಹಾಗಿರುವಾಗ ಒಂದು ದಿನ ಕ್ಲಾಸಿನಲ್ಲಿ ಮೇಷ್ಟ್ರು, ಮನುಷ್ಯ ತನ್ನ ದುಡಿಮೆಯನ್ನು ನೆಲದೊಂದಿಗೆ ಬೆರೆಸಿದಾಗ ಆ ನೆಲ ಅವನದಾಗುತ್ತದೆ ಎಂದು ಲಾಕ್ ಹೇಳಿದ್ದಾನೆ ಎಂದರು. ಮುನ್ನೂರು ವರ್ಷದ ಹಿಂದೆಯೇ ಒಬ್ಬ ಇಂಗ್ಲಿಷಿನವ ಅಪ್ಪಯ್ಯನ ಪರವಾಗಿ ಸಾಕ್ಷಿ ಹೇಳಿ ಹೋಗಿದ್ದಾನೆ ಅನ್ನಿಸಿತು ನನಗೆ.

ಜೀವ, ಸ್ವಾತಂತ್ರ್ಯ, ಆಸ್ತಿ. ಆಳಿಸಿಕೊಳ್ಳುವವರ ಒಪ್ಪಿಗೆಯಿಲ್ಲದೆ ಸರ್ಕಾರವಿಲ್ಲ. ಒಪ್ಪಂದ ಮುರಿದ ದೊರೆಯ ವಿರುದ್ಧ ದಂಗೆ ಏಳುವ ಹಕ್ಕು ಜನಕ್ಕಿದೆ. ನೋಟ್ಸಿನಲ್ಲಿ ಇದ್ದದ್ದು ಇಷ್ಟು. ಎಷ್ಟೋ ವರ್ಷಗಳ ನಂತರ, ಪರೀಕ್ಷೆಯ ಹಂಗಿಲ್ಲದೆ, ಅವನ ಸರ್ಕಾರ ಕುರಿತ ಎರಡನೆಯ ಪ್ರಬಂಧದಲ್ಲಿ ಆಸ್ತಿಯ ಬಗೆಗಿನ ಐದನೇ ಅಧ್ಯಾಯವನ್ನು ಪೂರ್ತಿಯಾಗಿ ಓದಿದೆ. ಅಲ್ಲಿಂದ ಈಚೆಗೆ ಆ ಅಧ್ಯಾಯ ನನ್ನನ್ನು ಬಿಟ್ಟಿಲ್ಲ.

ದುಡಿಮೆಯ ಮಾತು ಹೇಳಿದ ಮರುಕ್ಷಣವೇ ಲಾಕ್ ಉದಾಹರಣೆ ಕೊಡುತ್ತಾನೆ. ಎಲ್ಲರಿಗೂ ಸೇರಿದ ನೆಲದಲ್ಲಿ ನನ್ನ ಕುದುರೆ ಮೇಯ್ದ ಹುಲ್ಲು, ನನ್ನ ಆಳು ಕಡಿದ ಹುಲ್ಲುಹೆಂಟೆ, ನಾನು ಅಗೆದ ಅದಿರು, ಇವೆಲ್ಲ ನನ್ನವು, ಯಾರನ್ನೂ ಕೇಳಬೇಕಿಲ್ಲ. ಗೇಣಿದಾರರ ಮನೆಯವನ ಕಣ್ಣು ಆ ನಡುವಿನ ಮಾತಿಗೆ ಸಿಕ್ಕಿಕೊಳ್ಳದೆ ಹೇಗಿರುತ್ತದೆ? ಕಡಿದವನು ಆಳು, ಆದದ್ದು ಒಡೆಯನದು. ಇದು ಅಪ್ಪಯ್ಯನ ವಾದವಲ್ಲ. ಮಂಡಳಿಯಲ್ಲಿ ಅವನ ಎದುರು ನಿಂತಿದ್ದ ಧಣಿಗಳ ವಕೀಲರೂ ಆ ಸಾಲನ್ನು ಸಂತೋಷವಾಗಿ ಎತ್ತಿಕೊಳ್ಳಬಹುದಿತ್ತು.

ಇನ್ನೊಂದು ಸಂಗತಿಯೂ ಇತ್ತು. ಇಂಗ್ಲೆಂಡಿನ ರಾಜಕೀಯದ ಬಗ್ಗೆ ಬರೆದ ಪುಸ್ತಕ ಎಂದು ನಾವು ಓದಿದ್ದು ಆ ಅಧ್ಯಾಯದಲ್ಲಿ ಮತ್ತೆ ಮತ್ತೆ ಅಮೆರಿಕಕ್ಕೆ ಹೋಗುತ್ತದೆ. ಬೇಲಿ ಅರಿಯದ ಕಾಡು ಇಂಡಿಯನ್ನನ, ಅಂದರೆ ಅಮೆರಿಕದ ಮೂಲನಿವಾಸಿಯ, ಬೇಟೆ ಅಲ್ಲಿದೆ. ಡೆವನ್‌ಶೈರಿನ ಹತ್ತು ಎಕರೆ ಕೊಡುವಷ್ಟನ್ನು ಅಮೆರಿಕದ ಸಾವಿರ ಎಕರೆ ಪಾಳು ಕೊಟ್ಟೀತೇ ಎಂಬ ಲೆಕ್ಕ ಇದೆ. ಅಲ್ಲಿನ ದೊಡ್ಡ ಫಲವತ್ತಾದ ಸೀಮೆಯ ರಾಜನೂ ಇಂಗ್ಲೆಂಡಿನ ದಿನಗೂಲಿಯವನಿಗಿಂತ ಕಡೆಯಾಗಿ ಉಣ್ಣುತ್ತಾನೆ, ಉಡುತ್ತಾನೆ ಎಂಬ ಮಾತಿದೆ. ಕೊನೆಗೆ, ‘ಆದಿಯಲ್ಲಿ ಲೋಕವೆಲ್ಲ ಅಮೆರಿಕವೇ ಆಗಿತ್ತು’ ಎಂಬ ಪ್ರಸಿದ್ಧ ಸಾಲು. ಇಂಗ್ಲೆಂಡ್ ಬಿಟ್ಟು ಅಟ್ಲಾಂಟಿಕ್ ದಾಟದ ಮನುಷ್ಯನಿಗೆ ಅಮೆರಿಕದ ಎಕರೆಗಳ ಚಿಂತೆ ಯಾಕೆ?

ಕಾರ್ಯದರ್ಶಿಯ ಕಡತ

ಉತ್ತರ ಅವನ ಉದ್ಯೋಗದಲ್ಲಿದೆ. 1666ರಲ್ಲಿ ಆಕ್ಸ್‌ಫರ್ಡಿನಲ್ಲಿ ಲಾಕ್‌ಗೆ ಆಂಥನಿ ಆಶ್ಲಿ ಕೂಪರ್‌ನ ಪರಿಚಯವಾಯಿತು. ಮುಂದೆ ಶಾಫ್ಟ್ಸ್‌ಬರಿಯ ಅರ್ಲ್ ಆದವನು ಇವನೇ. ಮರುವರ್ಷ ಲಾಕ್ ಅವನ ಮನೆ ಸೇರಿದ, ವೈದ್ಯನಾಗಿ ಮತ್ತು ಆಪ್ತನಾಗಿ. 1668ರಲ್ಲಿ ಕೂಪರ್‌ನ ಯಕೃತ್ತಿನ ದೊಡ್ಡ ಗಡ್ಡೆಗೆ ಶಸ್ತ್ರಚಿಕಿತ್ಸೆ ಮಾಡಿಸಿ ಜೀವ ಉಳಿಸಿದ್ದೂ ಇವನ ಉಸ್ತುವಾರಿಯಲ್ಲೇ. ಈ ಕೂಪರ್, ಎರಡನೇ ಚಾರ್ಲ್ಸ್ ದೊರೆ 1663ರಲ್ಲಿ ಅಮೆರಿಕದ ಕೆರೊಲಿನಾ ಎಂಬ ಇಡೀ ಸೀಮೆಯನ್ನು ಬರೆದುಕೊಟ್ಟ ಎಂಟು ಮಂದಿ ಒಡೆಯರಲ್ಲಿ ಒಬ್ಬ. ಲಾಕ್ ಆ ಒಡೆಯರ ಕಾರ್ಯದರ್ಶಿಯಾದ. 1675ರವರೆಗೆ ಪತ್ರ ಬರೆಯುವುದು, ಲೆಕ್ಕ ನೋಡುವುದು, ವಸಾಹತಿನಿಂದ ಬಂದ ವರದಿಗಳ ಸಾರ ಮಾಡಿಡುವುದು ಅವನ ಕೆಲಸವಾಗಿತ್ತು. 1673-74ರಲ್ಲಿ ಇಂಗ್ಲೆಂಡಿನ ವ್ಯಾಪಾರ ಮತ್ತು ವಸಾಹತುಗಳ ಮಂಡಳಿಗೂ ಕಾರ್ಯದರ್ಶಿಯಾಗಿದ್ದ. ಆಫ್ರಿಕದಿಂದ ಗುಲಾಮರನ್ನು ಸಾಗಿಸುತ್ತಿದ್ದ ರಾಯಲ್ ಆಫ್ರಿಕನ್ ಕಂಪನಿಯಲ್ಲಿ ಅವನ ಹಣವಿತ್ತು.

1669ರಲ್ಲಿ ಕೆರೊಲಿನಾಕ್ಕೆಂದು ಒಂದು ಮೂಲ ಸಂವಿಧಾನ ತಯಾರಾಯಿತು. ಅದರ ರಚನೆಯಲ್ಲಿ ಲಾಕ್‌ನ ಪಾಲು ಎಷ್ಟು ಎಂದು ವಿದ್ವಾಂಸರು ಇವತ್ತಿಗೂ ವಾದಿಸುತ್ತಾರೆ. ಆದರೆ ಅವನು ಅದರ ಕೆಲಸದಲ್ಲಿ ಕೈಹಾಕಿದ್ದ, ಅದರ ಅಡಿಯಲ್ಲೇ 1671ರಲ್ಲಿ ಲ್ಯಾಂಡ್‌ಗ್ರೇವ್ ಎಂಬ ವಂಶಪಾರಂಪರ್ಯದ ಪದವಿಯನ್ನೂ ಪಡೆದ. ಬಹುಜನ ಸೇರಿ ಆಳುವ ಪ್ರಜಾಪ್ರಭುತ್ವ ಹುಟ್ಟದಂತೆ ನೋಡಿಕೊಳ್ಳುವುದು ತನ್ನ ಉದ್ದೇಶಗಳಲ್ಲೊಂದು ಎಂದು ಆ ದಾಖಲೆ ಆರಂಭದಲ್ಲೇ ಹೇಳುತ್ತದೆ. ಲೀಟ್‌ಮೆನ್ ಎಂಬ ಒಕ್ಕಲುಗಳ ಮಕ್ಕಳು ತಲೆತಲಾಂತರಕ್ಕೂ ಅದೇ ಒಕ್ಕಲುಗಳಾಗಿರಬೇಕು ಎನ್ನುತ್ತದೆ. ಅದರ 110ನೇ ವಿಧಿಯ ಪ್ರಕಾರ ಪ್ರತಿಯೊಬ್ಬ ಸ್ವತಂತ್ರ ಪ್ರಜೆಗೂ ತನ್ನ ನೀಗ್ರೋ ಗುಲಾಮರ ಮೇಲೆ ಸಂಪೂರ್ಣ ಅಧಿಕಾರವಿದೆ, ಗುಲಾಮರ ಧರ್ಮ ಯಾವುದೇ ಇರಲಿ.

ಇಷ್ಟನ್ನೇ ಹೇಳಿ ಲಾಕ್‌ನನ್ನು ಆಚೆ ನೂಕುವುದು ಸುಲಭ. ಹಾಗೆ ನೂಕಲು ನನಗೆ ಮನಸ್ಸು ಬರುವುದಿಲ್ಲ, ಯಾಕೆಂದರೆ ಅದೇ ದಾಖಲೆಯ 97ನೇ ವಿಧಿ ಆ ಕಾಲಕ್ಕೆ ಅಪರೂಪದ್ದು. ಅಲ್ಲಿನ ಮೂಲನಿವಾಸಿಗಳು ಕ್ರೈಸ್ತರಲ್ಲ. ಅವರ ವಿಗ್ರಹಾರಾಧನೆ, ಅಜ್ಞಾನ, ತಪ್ಪು ತಿಳಿವಳಿಕೆ ಇವು ಯಾವುವೂ ಅವರನ್ನು ಹೊರದಬ್ಬುವ ಅಥವಾ ಕೆಟ್ಟದಾಗಿ ನಡೆಸಿಕೊಳ್ಳುವ ಹಕ್ಕನ್ನು ನಮಗೆ ಕೊಡುವುದಿಲ್ಲ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಯಾವುದೇ ಏಳು ಜನ ಸೇರಿ ತಮ್ಮದೇ ಚರ್ಚು ಕಟ್ಟಿಕೊಳ್ಳಬಹುದು ಎಂದೂ ಹೇಳುತ್ತದೆ. ಸ್ಪೇನಿನವರು 1513ರಿಂದ ಒಂದು ಕಾಗದ ಓದಿ ಹೇಳಿ, ಪೋಪ್ ಮತ್ತು ರಾಜನಿಗೆ ಶರಣಾಗಿ ಇಲ್ಲವೇ ಯುದ್ಧ ಎನ್ನುತ್ತಿದ್ದ ಖಂಡದ ಬಗ್ಗೆ ಬರೆದ ಮಾತು ಇದು. ಧರ್ಮದ ಹೆಸರಿನಲ್ಲಿ ನೆಲ ಕಸಿಯುವ ಬಾಗಿಲನ್ನು ಕೆರೊಲಿನಾದ ಸಂವಿಧಾನ ನಿಜವಾಗಿಯೂ ಮುಚ್ಚಿತು.

ಮುಚ್ಚಿದ ಮೇಲೆ ನೆಲ ತೆಗೆದುಕೊಳ್ಳುವುದಕ್ಕೆ ಬೇರೆ ಕಾರಣ ಬೇಕಾಯಿತು. 112ನೇ ವಿಧಿ ನೋಡಿ: ಮೂಲನಿವಾಸಿಗಳಿಂದ ಕೊಂಡೋ ದಾನವಾಗಿ ಪಡೆದೋ ಯಾರೂ ಕೆರೊಲಿನಾದಲ್ಲಿ ಜಮೀನು ಹೊಂದುವಂತಿಲ್ಲ, ಒಡೆಯರಿಂದಲೇ ಪಡೆಯಬೇಕು, ತಪ್ಪಿದರೆ ಆಸ್ತಿಯೆಲ್ಲ ಜಪ್ತಿ, ಶಾಶ್ವತ ಗಡೀಪಾರು. ಆ ನೆಲದ ಮೇಲೆ ಹುಟ್ಟಿ ಬೆಳೆದವನು ಅದನ್ನು ಮಾರಲೂ ಆಗದು, ಕೊಡಲೂ ಆಗದು. ಮಾರುವ ಹಕ್ಕೇ ಇಲ್ಲದವನು ಒಡೆಯನೂ ಅಲ್ಲ. ಹಾಗಾದರೆ ಯಾಕೆ ಅಲ್ಲ? ಅದಕ್ಕೆ ತತ್ವದ ಉತ್ತರ ಐದನೇ ಅಧ್ಯಾಯದಲ್ಲಿ ಬಂತು: ಅವನು ಉತ್ತಿಲ್ಲ, ಬೇಲಿ ಹಾಕಿಲ್ಲ, ನೆಲವನ್ನು ಪಾಳು ಬಿಟ್ಟಿದ್ದಾನೆ. ಈ ಸಂವಿಧಾನವನ್ನು 1682ರಲ್ಲಿ ತಿದ್ದಲಾಯಿತು. ಲಾಕ್ ಆ ತಿದ್ದುಪಡಿಯಲ್ಲಿ ತೊಡಗಿದ್ದ ಹೊತ್ತಿನಲ್ಲೇ ಐದನೇ ಅಧ್ಯಾಯವನ್ನೂ ಬರೆದ ಎಂದು ಇತಿಹಾಸಕಾರ ಡೇವಿಡ್ ಆರ್ಮಿಟೇಜ್ ವಾದಿಸಿದ್ದಾರೆ. ನನಗೆ ಆ ವಾದ ನಂಬಿಕೆ ಹುಟ್ಟಿಸುತ್ತದೆ. ಪ್ರಬಂಧ ಅಚ್ಚಾದದ್ದು 1689ರ ಕೊನೆಗೆ, ಲೇಖಕನ ಹೆಸರಿಲ್ಲದೆ.

ಹೊಲ ಕಾಯುವ ಅಟ್ಟಣಿಗೆ

1585ರಲ್ಲಿ ಜಾನ್ ವೈಟ್ ಎಂಬ ಚಿತ್ರಕಾರ ಈಗಿನ ಉತ್ತರ ಕೆರೊಲಿನಾದ ಕರಾವಳಿಗೆ ಬಂದ ಇಂಗ್ಲಿಷರ ಜೊತೆಗಿದ್ದ. ಸೆಕೋಟಾ ಎಂಬ ಹಳ್ಳಿಯ ಚಿತ್ರವನ್ನು ಅವನು ಬರೆದ. ಅದನ್ನು ಆಧರಿಸಿ ಥಿಯೋಡರ್ ದೆ ಬ್ರಿ 1590ರಲ್ಲಿ ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ಹಾಕಿಸಿದ. ಯುರೋಪಿನ ಓದುಗರೆಲ್ಲ ಬಲ್ಲ ಚಿತ್ರ ಅದು. ನೀವೂ ಒಮ್ಮೆ ಹುಡುಕಿ ನೋಡಿ, ನಿಧಾನವಾಗಿ ನೋಡಿ. ಚಾಪೆ ಹೊದಿಸಿದ ಕಮಾನಿನ ಮನೆಗಳ ನಡುವೆ ಅಗಲವಾದ ದಾರಿ. ದಾರಿಯ ಬಲಕ್ಕೆ ಮೆಕ್ಕೆಜೋಳದ ಹೊಲಗಳು, ಒಂದಲ್ಲ, ಮೂರು ಹದದವು: ಒಂದರಲ್ಲಿ ಈಗಷ್ಟೇ ಮೊಳಕೆ ಬಂದ ಪೈರು, ಇನ್ನೊಂದರಲ್ಲಿ ಹಸಿರು ತೆನೆ, ಮತ್ತೊಂದರಲ್ಲಿ ಬಲಿತು ಕೊಯ್ಲಿಗೆ ಬಂದದ್ದು. ಒಂದೇ ಸಲಕ್ಕೆ ಬಿತ್ತದೆ, ತಿಂಗಳು ಬಿಟ್ಟು ತಿಂಗಳು ಊಟಕ್ಕೆ ಬರುವಂತೆ ಬಿತ್ತಿದ್ದಾರೆ. ಬಲಿತ ಹೊಲದ ನಡುವೆ ಕಂಬಗಳ ಮೇಲೆ ಒಂದು ಪುಟ್ಟ ಅಟ್ಟಣಿಗೆ. ಅದರೊಳಗೆ ಒಬ್ಬ ಕೂತಿದ್ದಾನೆ. ಹಕ್ಕಿ, ಪ್ರಾಣಿ ಬಂದರೆ ಕೂಗು ಹಾಕಿ ಓಡಿಸುವುದು ಅವನ ಕೆಲಸ ಎಂದು ಚಿತ್ರದ ವಿವರಣೆ ಹೇಳುತ್ತದೆ. ನಮ್ಮ ಕಡೆ ಭತ್ತಕ್ಕೆ ಹಂದಿ ನುಗ್ಗುವ ಕಾಲದಲ್ಲಿ ರಾತ್ರಿಯಿಡೀ ಮಾಳದಲ್ಲಿ ಕೂತು ಹೂ ಹೊಡೆಯುವವರನ್ನು ಕಂಡವರಿಗೆ ಆ ಮನುಷ್ಯನ ಪರಿಚಯ ಬೇರೆ ಮಾಡಿಸಬೇಕಿಲ್ಲ.

ಲಾಕ್‌ನ ಗ್ರಂಥಸಂಗ್ರಹದಲ್ಲಿ ಪ್ರವಾಸಕಥನಗಳ ರಾಶಿಯೇ ಇತ್ತು. ಅಷ್ಟೇ ಅಲ್ಲ, ಕೆರೊಲಿನಾದಿಂದ ಬರುತ್ತಿದ್ದ ಪತ್ರಗಳು ಅವನ ಕೈ ಹಾದೇ ಹೋಗುತ್ತಿದ್ದವು. 1670ರಲ್ಲಿ ಬಂದಿಳಿದ ಇಂಗ್ಲಿಷರಿಗೆ ನೆಲೆಯೂರಲು ಜಾಗ ತೋರಿಸಿದವನು ಕಯಾವಾ ಜನರ ಮುಖಂಡ. ಆ ಸೀಮೆಯ ಎರಡು ನದಿಗಳಿಗೆ ಈಗ ಆಶ್ಲಿ, ಕೂಪರ್ ಎಂದು ಲಾಕ್‌ನ ಯಜಮಾನನದೇ ಹೆಸರು. ಮೊದಲ ತಿಂಗಳುಗಳಲ್ಲಿ ಆ ವಸಾಹತುಗಾರರು ಹೊಟ್ಟೆ ಹೊರೆದದ್ದರಲ್ಲಿ ಸುತ್ತಲಿನ ಜನರಿಂದ ಪಡೆದ ಮೆಕ್ಕೆಜೋಳದ ಪಾಲು ದೊಡ್ಡದು. ಮರುವರ್ಷವೇ, ಜೋಳ ಕದ್ದರೆಂಬ ಆರೋಪ ಹೊರಿಸಿ, ಕುಸ್ಸೋ ಜನರ ಮೇಲೆ ಯುದ್ಧ ಸಾರಿ, ಸೆರೆ ಸಿಕ್ಕವರನ್ನು ಗುಲಾಮರನ್ನಾಗಿ ಮಾಡಿದರು. 1675ರಲ್ಲಿ ಅದೇ ಕುಸ್ಸೋಗಳಿಂದ ಬಟ್ಟೆ, ಕೊಡಲಿ, ಮಣಿಗಳನ್ನು ಕೊಟ್ಟು ನೆಲ ಬರೆಸಿಕೊಂಡ ಪತ್ರವೂ ಇದೆ. ಒಡೆಯರಿಗೆ ಬೇಕಾದಾಗ ಅವರು ಮಾರಬಲ್ಲ ಜನ. ಬೇಡವಾದಾಗ ಅಲೆದಾಡುವ ಬೇಟೆಗಾರರು. 1670ರಿಂದ 1715ರವರೆಗಿನ ನಲವತ್ತೈದು ವರ್ಷಗಳಲ್ಲಿ ಬ್ರಿಟಿಷ್ ಕೆರೊಲಿನಾದ ವ್ಯಾಪಾರಿಗಳ ಮೂಲಕ ಗುಲಾಮಗಿರಿಗೆ ಹೋದ ಮೂಲನಿವಾಸಿಗಳ ಸಂಖ್ಯೆ 24 ಸಾವಿರದಿಂದ 51 ಸಾವಿರದ ನಡುವೆ ಎಂದು ಇತಿಹಾಸಕಾರ ಅಲನ್ ಗ್ಯಾಲೇ ಅಂದಾಜು ಮಾಡಿದ್ದಾರೆ.

ಆ ಕಾಲದವರಿಗೆ ಬೇರೆ ರೀತಿ ಯೋಚಿಸಲು ಬರುತ್ತಿರಲಿಲ್ಲ ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಬರುತ್ತಿತ್ತು. ಲಾಕ್ ಮಗುವಾಗಿದ್ದಾಗಲೇ ರೋಜರ್ ವಿಲಿಯಮ್ಸ್ ಎಂಬ ಪಾದ್ರಿ ಮ್ಯಾಸಚೂಸೆಟ್ಸ್‌ನಲ್ಲಿ ಕೂತು, ಈ ನೆಲವನ್ನು ಬರೆದುಕೊಡಲು ಇಂಗ್ಲೆಂಡಿನ ರಾಜ ಯಾರು ಎಂದು ಕೇಳಿದ್ದ. ಇಂಡಿಯನ್ನರು ವರ್ಷಕ್ಕೆ ಒಂದೆರಡು ಸಲ ಕಾಡಿನ ಕುರುಚಲಿಗೆ ಬೆಂಕಿ ಇಟ್ಟು ಬೇಟೆಗೆ ಹದ ಮಾಡುತ್ತಾರೆ. ಇಂಗ್ಲೆಂಡಿನ ಶ್ರೀಮಂತರು ಬೇಟೆಗೆಂದು ವಿಶಾಲವಾದ ತೋಪುಗಳನ್ನು ಇಟ್ಟುಕೊಂಡರೆ ಅದು ಆಸ್ತಿ, ಇವರದ್ದು ಯಾಕಲ್ಲ ಎಂಬುದು ಅವನ ವಾದ. ಸುಮ್ಮನೆ ಬೆಂಕಿ ಹಚ್ಚುವುದರಿಂದ ಇಷ್ಟು ದೊಡ್ಡ ಖಂಡದ ಮೇಲೆ ಹಕ್ಕು ಹುಟ್ಟುವುದಿಲ್ಲ ಎಂದು ಜಾನ್ ಕಾಟನ್ ಎಂಬ ಇನ್ನೊಬ್ಬ ಪಾದ್ರಿ ಉತ್ತರ ಕೊಟ್ಟ. 1635ರಲ್ಲಿ ವಿಲಿಯಮ್ಸ್‌ನಿಗೆ ಗಡೀಪಾರಿನ ಶಿಕ್ಷೆಯಾಯಿತು. ಅವನ ಮೇಲಿನ ಆರೋಪಗಳಲ್ಲಿ ಈ ನೆಲದ ಮಾತೂ ಒಂದು. ಮರುವರ್ಷ ನರಗ್ಯಾನ್ಸೆಟ್ ಜನರನ್ನು ಕೇಳಿ ಪಡೆದ ಜಾಗದಲ್ಲಿ ಅವನು ಪ್ರಾವಿಡೆನ್ಸ್ ಊರು ಕಟ್ಟಿದ. ಬೆಂಕಿ ಇಡುವುದೂ ದುಡಿಮೆ, ನೆಲವನ್ನು ಹದವಾಗಿ ಇಟ್ಟುಕೊಳ್ಳುವುದೂ ದುಡಿಮೆ ಎಂಬ ವಿಚಾರ ಲಾಕ್ ಲೇಖನಿ ಎತ್ತುವುದಕ್ಕೆ ಐವತ್ತು ವರ್ಷ ಮೊದಲೇ ಇಂಗ್ಲಿಷಿನಲ್ಲಿ ಚರ್ಚೆಯಾಗಿತ್ತು.

ಬ್ಯಾಣದಲ್ಲಿ ಏನಿದೆ

ನಾನು ಹೈಸ್ಕೂಲಿನಲ್ಲಿದ್ದಾಗ ಊರಾಚೆಯ ಬ್ಯಾಣಕ್ಕೆ, ಅಂದರೆ ಸೊಪ್ಪು, ಹುಲ್ಲಿಗೆಂದು ಉಳದೆ ಬಿಟ್ಟ ಜಾಗಕ್ಕೆ, ಒಂದು ಜೀಪು ಬಂತು. ಅಲ್ಲಿ ನೆಡುತೋಪು ಮಾಡುವವರಿದ್ದರು. ಬಾನೆಟ್ಟಿನ ಮೇಲೆ ನಕ್ಷೆ ಹರವಿ, ನಾಲ್ಕು ಮೂಲೆಗೆ ಕಲ್ಲು ಇಟ್ಟು, ಒಬ್ಬರು ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದರು. ಊರವರು ಸುತ್ತ ನಿಂತಿದ್ದೆವು. ‘ಇದು ಹೇಗೂ ಖಾಲಿ ಬಿದ್ದಿರೋ ಜಾಗ ಅಲ್ವಾ’ ಎಂದರು ಅವರು, ಗದರಿಸುವ ದನಿಯಲ್ಲಲ್ಲ, ಸಹಜವಾಗಿ. ಗಂಡಸರು ಯಾರೂ ಮಾತಾಡಲಿಲ್ಲ. ತಲೆ ಮೇಲೆ ಸೊಪ್ಪಿನ ಹೊರೆ ಹೊತ್ತು ಅದೇ ದಾರಿಯಲ್ಲಿ ಬರುತ್ತಿದ್ದ ನಮ್ಮ ದೊಡ್ಡಮ್ಮ ನಿಂತಳು. ಹೊರೆ ಇಳಿಸಲಿಲ್ಲ. ‘ಖಾಲಿ ಅಂದ್ರೆ ಹೆಂಗೆ ಸ್ವಾಮೀ? ಈ ಸೊಪ್ಪು ಎಲ್ಲಿಂದ ಬಂತು?’ ಎಂದಳು. ಆಮೇಲೆ ಒಂದೊಂದೇ ಹೇಳುತ್ತ ಹೋದಳು. ಕೊಟ್ಟಿಗೆಗೆ ಸೊಪ್ಪು, ಬೇಸಗೆಯಲ್ಲಿ ದರಗು, ಮಾಡಿಗೆ ಮತ್ತು ದನಕ್ಕೆ ಕರಡ, ಮೊದಲ ಗುಡುಗಿಗೆ ಅಣಬೆ, ಮೇ ತಿಂಗಳಿಗೆ ಕವಳಿ ಹಣ್ಣು, ಅಂಚಿನ ಮರದ ಮುರುಗಲು, ಬಾಣಂತಿಗೆ ಕುದಿಸುವ ಬೇರು. ಯಾವ ಮೂಲೆಯಲ್ಲಿ ಯಾರ ಮನೆಯವರು ಕರಡ ಕೊಯ್ಯುವುದು, ಯಾವ ತಿಂಗಳು ದನ ಬಿಡಬಾರದು ಎಂಬುದನ್ನೂ ಹೇಳಿದಳು. ಅವರು ತಾಳ್ಮೆಯಿಂದ ಕೇಳಿಸಿಕೊಂಡು, ‘ಅದೆಲ್ಲ ಸರಿ ಅಮ್ಮ, ದಾಖಲೆಯಲ್ಲಿ ಏನೂ ಇಲ್ಲವಲ್ಲ’ ಎಂದರು. ಮುಂದಿನ ಮಳೆಗಾಲಕ್ಕೆ ಅಕೇಶಿಯಾ ನೆಟ್ಟಾಯಿತು.

ಅಪ್ಪಯ್ಯನಿಗೆ ಗದ್ದೆ ಕೊಟ್ಟ ನ್ಯಾಯ ದೊಡ್ಡಮ್ಮನ ಬ್ಯಾಣಕ್ಕೆ ಯಾಕೆ ದಕ್ಕಲಿಲ್ಲ? ಗದ್ದೆಗೆ ಬೀಳುತ್ತಿದ್ದ ಗೊಬ್ಬರ ಆ ಬ್ಯಾಣದ ಸೊಪ್ಪಿನದು. ಬ್ಯಾಣವಿಲ್ಲದೆ ಗದ್ದೆಯಿಲ್ಲ. ಆದರೂ ನೇಗಿಲು ಹೂಡಿದ ದುಡಿಮೆಗೆ ಮಂಡಳಿ ಇತ್ತು, ಸಾಕ್ಷಿ ಇತ್ತು, ಆದೇಶ ಇತ್ತು. ಕೊಯ್ಯುವ, ಆಯುವ, ಬಿಟ್ಟು ಬೆಳೆಸುವ ದುಡಿಮೆಗೆ ಒಂದು ಕಾಲಂ ಕೂಡ ಇರಲಿಲ್ಲ. ಲಾಕ್‌ನ ಪುಸ್ತಕ ಓದಿ ಯಾರೂ ನಮ್ಮ ಬ್ಯಾಣಕ್ಕೆ ಜೀಪು ತಂದಿರಲಿಲ್ಲ, ನಿಜ. ಆದರೆ ಉಳದ ನೆಲ ಪಾಳು, ಪಾಳು ನೆಲ ಸರ್ಕಾರದ್ದು ಎಂಬ ಎಣಿಕೆ ಕಂಪನಿ ಸರ್ಕಾರದ ಕಾಲದಿಂದಲೇ ಕಂದಾಯದ ಕಡತಗಳಲ್ಲಿ ಬೇರು ಬಿಟ್ಟಿತ್ತು. ಇಲ್ಲೂ ಬೇರೆ ದನಿ ಇರಲಿಲ್ಲವೆಂದಲ್ಲ. ದಕ್ಷಿಣ ಕನ್ನಡವೂ ಸೇರಿದ್ದ ಮದರಾಸು ಪ್ರಾಂತ್ಯದಲ್ಲಿ 1871ರಲ್ಲಿ ಅರಣ್ಯ ಕಾಯ್ದೆಯ ಚರ್ಚೆ ನಡೆದಾಗ ಅಲ್ಲಿನ ಕಂದಾಯ ಮಂಡಳಿಯೇ, ಯಾವುದೋ ಒಂದು ಹಳ್ಳಿಯ ಎಲ್ಲೆಯೊಳಗೆ ಬಾರದ ಕಾಡು ಈ ಪ್ರಾಂತ್ಯದಲ್ಲಿ ಇಲ್ಲವೆಂದೇ ಹೇಳಬೇಕು ಎಂದು ಸರ್ಕಾರಕ್ಕೆ ಬರೆಯಿತು. ಕಾಯ್ದೆ ಕೆಲಕಾಲ ನಿಂತಿತು, ಆಮೇಲೆ ಬಂತು.

ಉತ್ತವರ ಪಾಡು

ಇಷ್ಟಾದ ಮೇಲೂ ಲಾಕ್‌ನ ಪರವಾಗಿ ಒಂದು ಮಾತು ಉಳಿಯುತ್ತದೆ: ಅವನ ಅಳತೆಗೋಲು ಕಿರಿದಾಗಿರಬಹುದು, ಆದರೆ ಅಳತೆಗೋಲಾದರೂ ಪ್ರಾಮಾಣಿಕವಾಗಿತ್ತು, ಉತ್ತವರಿಗೆ ನೆಲ ಸಿಗುತ್ತಿತ್ತು ಎಂದು. ಅದನ್ನು ಕೆರೊಲಿನಾದಲ್ಲೇ ಪರೀಕ್ಷಿಸಿ ನೋಡಬಹುದು. 1690ರ ದಶಕದಿಂದ ಅಲ್ಲಿ ಭತ್ತದ ಬೇಸಾಯ ಬೇರೂರಿತು. ಸೈಪ್ರೆಸ್ ಮರಗಳ ಜೌಗು ಕಡಿದು, ಬದು ಕಟ್ಟಿ, ನೀರು ನಿಲ್ಲಿಸಿ, ಕಳೆ ಕಿತ್ತು, ಒನಕೆಯಲ್ಲಿ ಕುಟ್ಟಿ ಅಕ್ಕಿ ಮಾಡಿದವರು ಆಫ್ರಿಕದಿಂದ ತಂದ ಗುಲಾಮರು. ಅವರಲ್ಲಿ ಕೆಲವರು ಭತ್ತ ಬೆಳೆಯುವ ಪಶ್ಚಿಮ ಆಫ್ರಿಕದ ಸೀಮೆಯವರೇ. 1708ರ ಹೊತ್ತಿಗೆ ವಸಾಹತಿನಲ್ಲಿ ಬಿಳಿಯರಿಗಿಂತ ಕರಿಯರ ಸಂಖ್ಯೆಯೇ ಹೆಚ್ಚಿತ್ತು. ಗದ್ದೆ ಕೆಲಸ ಬಲ್ಲ ಯಾರನ್ನಾದರೂ ಕೇಳಿ, ನೆಲದೊಂದಿಗೆ ದುಡಿಮೆ ಬೆರೆಸುವುದು ಎಂದರೆ ಇದಕ್ಕಿಂತ ಹೆಚ್ಚಿನದು ಯಾವುದಿದೆ ಎಂದು. ಅವರಿಗೆ ಒಂದು ಗುಂಟೆಯೂ ಬರಲಿಲ್ಲ. ಆಳು ಕಡಿದ ಹುಲ್ಲುಹೆಂಟೆ ಒಡೆಯನದು ಎಂಬ ಆ ಒಂದು ಸಾಲು ಅಷ್ಟು ದೊಡ್ಡ ಅನ್ಯಾಯಕ್ಕೂ ಜಾಗ ಮಾಡಿಕೊಡುತ್ತದೆ.

ಇನ್ನೊಂದು ಪರೀಕ್ಷೆ ಚೆರೋಕಿ ಜನರದು. ಕೆರೊಲಿನಾ, ಜಾರ್ಜಿಯಾ, ಟೆನೆಸೀಗಳ ಬೆಟ್ಟಸೀಮೆಯ ಈ ಜನ 19ನೇ ಶತಮಾನದ ಹೊತ್ತಿಗೆ ಲಾಕ್ ಕೇಳಿದ್ದನ್ನೆಲ್ಲ ಮಾಡಿ ತೋರಿಸಿದ್ದರು. ನೇಗಿಲು ಹೂಡಿದರು, ಬೇಲಿ ಹಾಕಿದರು, ಹಣ್ಣಿನ ತೋಟ ಮಾಡಿದರು. ಅವರಲ್ಲಿನ ಉಳ್ಳವರು ತಾವೂ ಕರಿಯ ಗುಲಾಮರನ್ನು ಇಟ್ಟುಕೊಂಡರು, ಅದನ್ನೂ ಹೇಳಲೇಬೇಕು. ಸೆಕ್ವೋಯಾ ಎಂಬವನು ಅವರ ಭಾಷೆಗೆ ಲಿಪಿ ಕಟ್ಟಿದ. 1827ರಲ್ಲಿ ಲಿಖಿತ ಸಂವಿಧಾನ ಬಂತು, ಮರುವರ್ಷ ಎರಡು ಭಾಷೆಯ ಪತ್ರಿಕೆ. ಇದಕ್ಕೆ ಜಾರ್ಜಿಯಾ ರಾಜ್ಯ ಕೊಟ್ಟ ಉತ್ತರ 1832ರ ಲಾಟರಿ. ಚೆರೋಕಿಗಳು ಇನ್ನೂ ವಾಸವಿರುವಾಗಲೇ ಅವರ ನೆಲವನ್ನು 160 ಎಕರೆಯ, ಚಿನ್ನ ಇರಬಹುದಾದ ಕಡೆ 40 ಎಕರೆಯ ತುಂಡುಗಳಾಗಿ ಅಳೆದು, ಬಿಳಿಯ ಪ್ರಜೆಗಳ ಹೆಸರಿಗೆ ಚೀಟಿ ಎತ್ತಿ ಹಂಚಿದರು. ಉತ್ತ ಹೊಲ, ಕಟ್ಟಿದ ಮನೆ, ನೆಟ್ಟ ಸೇಬಿನ ಮರ ಎಲ್ಲವೂ ಆ ತುಂಡುಗಳಲ್ಲಿ ಸೇರಿದ್ದವು. ಚೆರೋಕಿಗಳ ಮುಖ್ಯಸ್ಥ ಜಾನ್ ರಾಸ್ 1835ರಲ್ಲಿ ವಾಷಿಂಗ್ಟನ್ನಿನಿಂದ ಮನೆಗೆ ಮರಳಿದಾಗ ಅಲ್ಲಿ ಚೀಟಿ ಗೆದ್ದವನ ಕಡೆಯವರು ಬಂದು ಕೂತಿದ್ದರು.

ಆ ವರ್ಷದ ಕೊನೆಗೆ ಚೆರೋಕಿಗಳಲ್ಲೇ ಒಂದು ಸಣ್ಣ ಗುಂಪು, ಜನರ ಅಧಿಕಾರವಿಲ್ಲದೆ, ನ್ಯೂ ಎಕೋಟಾದಲ್ಲಿ ನೆಲ ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿ ಹಾಕಿತು. ರಾಸ್ ಮತ್ತು ಅವನ ಜೊತೆಗಾರರು ಆಗ ಹಿಡಿದದ್ದು ಲಾಕ್‌ನ ಇನ್ನೊಂದು ಮಾತನ್ನು, ನಾನು ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ್ದ ಮಾತನ್ನು: ನಮ್ಮ ಒಪ್ಪಿಗೆ ಇಲ್ಲದೆ ಮಾಡಿದ್ದು ನಮ್ಮನ್ನು ಕಟ್ಟುವುದಿಲ್ಲ. ಸುಮಾರು 16 ಸಾವಿರದ ಜನಾಂಗದಿಂದ 15 ಸಾವಿರಕ್ಕೂ ಮಿಕ್ಕಿದ ಹೆಸರುಗಳಿದ್ದ ಮನವಿ ಅಮೆರಿಕದ ಸರ್ಕಾರದ ಮುಂದೆ ಹೋಯಿತು. ಸ್ವಾತಂತ್ರ್ಯ, ಒಪ್ಪಿಗೆ, ಆಸ್ತಿ ಎಂಬ ಈ ಆಧುನಿಕ ವಿಚಾರಗಳನ್ನು ನಾನು ಇವತ್ತಿಗೂ ಕೈಬಿಡದೆ ಇರುವುದು ಆ ಮನವಿಯ ದೆಸೆಯಿಂದ. ಅವುಗಳನ್ನು ಬರೆದವರಿಗಿಂತ ಹೆಚ್ಚು ನಿಷ್ಠೆಯಿಂದ, ಕಳೆದುಕೊಳ್ಳುತ್ತಿದ್ದವರು ಅವನ್ನು ನಂಬಿದರು. ಸೆನೆಟ್ 1836ರ ಮೇ ತಿಂಗಳಲ್ಲಿ ಬೇಕಾದಷ್ಟಕ್ಕಿಂತ ಒಂದೇ ಒಂದು ಮತ ಹೆಚ್ಚಾಗಿ ಪಡೆದು ಆ ಒಪ್ಪಂದವನ್ನು ಊರ್ಜಿತಗೊಳಿಸಿತು. ಎರಡು ವರ್ಷಕ್ಕೆ ಸೈನಿಕರು ಬಂದು, ಜನರನ್ನು ಅವರವರ ಹೊಲಮನೆಗಳಿಂದ ಹೊರಡಿಸಿ ಶಿಬಿರಗಳಿಗೆ ತುಂಬಿ, ಮಿಸಿಸಿಪ್ಪಿಯ ಆಚೆಗೆ ನಡೆಸಿದರು. ಶಿಬಿರಗಳಲ್ಲಿ ಮತ್ತು ಆ ದಾರಿಯಲ್ಲಿ ಸತ್ತವರು ಸುಮಾರು ನಾಲ್ಕು ಸಾವಿರ. ಜಾನ್ ರಾಸ್‌ನ ಹೆಂಡತಿ ಕ್ವಾಟೀ ಅವರಲ್ಲಿ ಒಬ್ಬಳು.